ಆರು ದಿನ, ಐದು ಜಂಪ್: ಕಡಿಮೆ ದುಡ್ಡಲ್ಲಿ ಸ್ಕೈಡೈವಿಂಗ್ ಕಲಿಯೋಕೆ ಹೋಗಿದ್ದು

ವಾಪಸ್ ಬಂದು ಒಂದು ವಾರ ಆಯ್ತು, ಬಲಗಡೆ ತೊಡೆ ಮೇಲಿನ ನೀಲಿ ಕಲೆ ಇನ್ನೂ ಮಾಸಿಲ್ಲ. ಮರೆಯೋಕೆ ಮುಂಚೆ ಎಲ್ಲಾ ಬರೆದಿಡೋಣ ಅಂತ ಕೂತಿದ್ದೀನಿ. ನನ್ ಥರ ದುಡ್ಡು ಎಣಿಸಿ ಎಣಿಸಿ ಖರ್ಚು ಮಾಡೋರು ಯಾರಾದ್ರೂ ಆಕಾಶದಿಂದ ಹಾರ್ಬೇಕು ಅಂತ ಕನಸು ಕಾಣ್ತಿದ್ರೆ ಅವರಿಗೆ ಇದು ಉಪಯೋಗ ಆಗ್ಬಹುದು.

ಮೊದಲ ದಿನ

ಪ್ರಯಾಣದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ರಾತ್ರಿ ಹೊರಟು ಬೆಳಗ್ಗೆ ಇಳಿದೆ. ಕೊನೇ ಅರ್ಧ ಗಂಟೆ ದಾರಿ ಮಾತ್ರ ನೆನಪಲ್ಲಿದೆ, ಎರಡೂ ಕಡೆ ಉತ್ತ ಹೊಲ, ಟಾರ್ ಮುಗಿದು ಮಣ್ಣಿನ ರಸ್ತೆ, ಆಮೇಲೆ ಇದ್ದಕ್ಕಿದ್ದಂಗೆ ಒಂದು ಉದ್ದ ರನ್‌ವೇ, ಅದರ ಪಕ್ಕ ತಗಡಿನ ಶೆಡ್ಡು, ಕಂಬದ ತುದೀಲಿ ಕಿತ್ತಳೆ ಬಣ್ಣದ ಗಾಳಿಚೀಲ. ಅಷ್ಟೇ ಡ್ರಾಪ್ ಝೋನ್ ಅಂದ್ರೆ.

ಸುಮಾರು ಜನ ಟ್ಯಾಂಡಮ್ ಜಂಪಿಂದ ಶುರು ಮಾಡ್ತಾರೆ, ಇನ್‌ಸ್ಟ್ರಕ್ಟರ್ ಎದೆಗೆ ನಮ್ಮನ್ನ ಕಟ್ಕೊಂಡು ಹಾರ್ತಾರಲ್ಲ, ಅದು. ನಾನು ಅದನ್ನ ಬಿಟ್ಟೆ. ಟ್ಯಾಂಡಮ್ ಕೆಟ್ಟದ್ದು ಅಂತಲ್ಲ, ನಂಗೆ ಭಯ ತಡ್ಕೊಳೋಕಾಗುತ್ತಾ ಇಲ್ವಾ ಅಂತ ಗೊತ್ತಿಲ್ದೇ ಇರೋರಿಗೆ ಅದೇ ಸರಿ, ಆದ್ರೆ ಕಲೀಬೇಕು ಅಂತ ಮನಸ್ಸು ಗಟ್ಟಿ ಆಗಿದ್ರೆ ಆ ದುಡ್ಡನ್ನ ನೇರವಾಗಿ ಕೋರ್ಸಿಗೇ ಹಾಕ್ಬಹುದು. ಕೆಲವು ಕಡೆ ಟ್ಯಾಂಡಮ್ಮನ್ನೇ ಕೋರ್ಸಿನ ಮೊದಲ ಹಂತ ಅಂತ ಲೆಕ್ಕಕ್ಕೆ ತಗೋತಾರೆ, ಅದನ್ನ ಮೊದಲೇ ಕೇಳಿ ತಿಳ್ಕೊಳ್ಳಿ. ಕೋರ್ಸಲ್ಲೂ ಎರಡು ದಾರಿ ಇದೆ. ಎಎಫ್‌ಎಫ್ (ಆಕ್ಸಿಲರೇಟೆಡ್ ಫ್ರೀಫಾಲ್) ಅಂದ್ರೆ ಹತ್ತು ಹದಿಮೂರು ಸಾವಿರ ಅಡಿಯಿಂದ ಮೊದಲ ಸಲವೇ ಫ್ರೀಫಾಲ್, ಅಂದ್ರೆ ಪ್ಯಾರಾಚೂಟ್ ತೆರೆಯೋಕೆ ಮುಂಚೆ ಹಾಗೇ ಬೀಳೋದು, ಇಬ್ಬರು ಇನ್‌ಸ್ಟ್ರಕ್ಟರ್ ಎರಡೂ ಪಕ್ಕದಲ್ಲಿ ಹಿಡ್ಕೊಂಡು ಜೊತೆಗೇ ಹಾರ್ತಾರೆ, ಅಂದ್ರೆ ವಿಮಾನದಲ್ಲಿ ಅವರ ಸೀಟಿನ ದುಡ್ಡು, ಅವರ ಕೂಲಿ ಎಲ್ಲಾ ನಮ್ಮ ತಲೆ ಮೇಲೇ. ಸ್ಟ್ಯಾಟಿಕ್ ಲೈನಲ್ಲಿ ಮೂರೂವರೆ ಸಾವಿರ ಅಡಿಯಿಂದ ಒಬ್ಬರೇ ಹಾರೋದು, ವಿಮಾನಕ್ಕೆ ಕಟ್ಟಿರೋ ಪಟ್ಟಿ ನಾವು ಬಿದ್ದ ತಕ್ಷಣ ಪ್ಯಾರಾಚೂಟ್ ತೆರೆದುಬಿಡುತ್ತೆ, ಒಬ್ಬ ಇನ್‌ಸ್ಟ್ರಕ್ಟರ್ ವಿಮಾನದಲ್ಲೇ ಕೂತು ಮೂರ್ನಾಲ್ಕು ಜನರನ್ನ ಒಬ್ಬೊಬ್ಬರಾಗಿ ಕಳಿಸ್ತಾರೆ, ಇಂಧನಾನೂ ಕಡಿಮೆ. ಅದಕ್ಕೇ ಅಗ್ಗ. ಲೈಸೆನ್ಸ್ ತನಕ ಹೋಗೋಕೆ ಜಾಸ್ತಿ ಜಂಪ್ ಬೇಕಾಗ್ಬಹುದು, ಆದ್ರೆ ಖರ್ಚು ಸಣ್ಣ ಸಣ್ಣ ಕಂತಲ್ಲಿ ಹೋಗುತ್ತೆ, ನಂಗೆ ಬೇಕಾಗಿದ್ದೂ ಅದೇ.

ಆಫೀಸಲ್ಲಿ ಹೆಸರು ಬರೆಸುವಾಗ ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ರಿಗ್ಗು (ಬೆನ್ನಿಗೆ ಕಟ್ಕೊಳೋ ಪ್ಯಾರಾಚೂಟ್ ಚೀಲ), ರೇಡಿಯೋ, ಪ್ಯಾಕಿಂಗು, ಇನ್ಶೂರೆನ್ಸು ಎಲ್ಲಾ ಈ ದುಡ್ಡಲ್ಲೇ ಸೇರಿದ್ಯಾ? ಒಂದು ಹಂತ ಫೇಲ್ ಆಗಿ ಮತ್ತೆ ಮಾಡ್ಬೇಕಾದ್ರೆ ಎಷ್ಟು? ಗಾಳಿ ಜಾಸ್ತಿಯಾಗಿ ಹಾರೋಕಾಗ್ದೇ ಇದ್ರೆ ದುಡ್ಡು ವಾಪಸ್ ಬರುತ್ತಾ ಅಥವಾ ಮುಂದಿನ ಸಲಕ್ಕೆ ಇಟ್ಕೋತೀರಾ? ಇಲ್ಲೇ ಮಲಗೋಕೆ ಜಾಗ ಇದ್ಯಾ? ಮೂರನೇ ಪ್ರಶ್ನೆ ಕೇಳಿದಾಗ ಅಲ್ಲಿದ್ದ ಮೇಡಂ ನಕ್ಕು, "ಇದನ್ನ ಕೇಳೋರು ಕಮ್ಮಿ ಕಣಮ್ಮ, ಆಮೇಲೆ ಜಗಳ ಆಡೋರು ಜಾಸ್ತಿ" ಅಂದ್ರು. ಮಲಗೋಕೆ ಶೆಡ್ಡಿನ ಹಿಂದೆ ಬಂಕ್ ರೂಮ್ ಇತ್ತು, ನಾನು ಅಲ್ಲೇ ಉಳ್ಕೊಂಡೆ. ಹೋಟೆಲ್ ಖರ್ಚು ಉಳೀತು ಅನ್ನೋದು ಒಂದು, ಬೆಳಗ್ಗೆ ಆರಕ್ಕೆ ಗಾಳಿ ನಿಂತಿದ್ರೆ ಮೊದಲ ವಿಮಾನಕ್ಕೆ ಓಡಿ ಹೋಗ್ಬಹುದು ಅನ್ನೋದು ಅದಕ್ಕಿಂತ ದೊಡ್ಡದು.

ಪಕ್ಕದ ಮಂಚದಲ್ಲಿ ಒಬ್ಬರು ಅಕ್ಕ ಇದ್ರು, ನರ್ಸ್ ಕೆಲಸ. ಅವರು ಬರ್ತಿರೋದು ಎರಡನೇ ಸಲ. ಹೋದ ಸಲ ಒಂದೇ ಒಂದು ಜಂಪ್ ಮಾಡಿ ರಜೆ ಮುಗೀತು ಅಂತ ಹೋಗಿದ್ರು, ಮತ್ತೆ ಬರೋಕೆ ತಿಂಗಳುಗಟ್ಟಲೆ ಆಯ್ತು, ಈಗ ನೆಲದ ಟ್ರೈನಿಂಗ್ ಮತ್ತೆ ಮಾಡ್ಬೇಕು, ಮೊದಲ ಹಂತದಿಂದಾನೇ ಶುರು. "ತಿಂಗಳಿಗೊಂದು ಜಂಪ್ ಅಂತ ಲೆಕ್ಕ ಹಾಕ್ಬೇಡ, ದುಡ್ಡೆಲ್ಲಾ ಕೂಡಿಟ್ಕೊಂಡು ಒಂದೇ ಸಲ ಬಂದು ಕೂತ್ಬಿಡು" ಅಂದ್ರು. ಇಡೀ ಪ್ರವಾಸದಲ್ಲಿ ದುಡ್ಡಿನ ಬಗ್ಗೆ ಯಾರಾದ್ರೂ ಹೇಳಿದ ಅತಿ ಬೆಲೆಬಾಳೋ ಮಾತು ಅದೇ.

ಎರಡನೇ ದಿನ

ಬೆಳಗ್ಗೆಯಿಂದ ಸಂಜೆ ತನಕ ಕ್ಲಾಸು. ನಾವು ಐದು ಜನ. ಇನ್‌ಸ್ಟ್ರಕ್ಟರ್ ಸರ್ ಮೆತ್ತಗೆ ಮಾತಾಡೋರು, ಆದ್ರೆ ಒಂದೇ ವಿಷಯಾನ ಹತ್ತು ಸಲ ಹೇಳಿಸ್ತಿದ್ರು. ಮೊದಲು ಆರ್ಚ್. ಸೊಂಟ ಮುಂದಕ್ಕೆ, ತಲೆ ಮೇಲಕ್ಕೆ, ಕೈಕಾಲು ಸಡಿಲ. ಶಟಲ್‌ಕಾಕ್ ಹೆಂಗೆ ಎಸೆದ್ರೂ ಬುರುಡೆ ಕೆಳಗಾಗೇ ಬೀಳುತ್ತಲ್ಲ ಹಂಗೆ ಸೊಂಟ ಕೆಳಗಿದ್ರೆ ಮೈ ತಾನಾಗೇ ನೆಲದ ಕಡೆ ಮುಖ ಮಾಡುತ್ತೆ. ಚಾಪೆ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಇದನ್ನ ಮಾಡಿ ಮಾಡಿ ಬೆನ್ನು ಹಿಡ್ಕೊಂಡಿತು. ಇದಕ್ಕೆ ದುಡ್ಡು ಬೇಡ ನೋಡಿ, ಮನೇಲೇ ದಿನಾ ಐದು ನಿಮಿಷ ಮಾಡ್ಕೊಂಡು ಹೋಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು.

ಆಮೇಲೆ ಬೀಳೋದು ಹೇಗೆ ಅನ್ನೋ ಪಾಠ, ಪಿಎಲ್‌ಎಫ್. ಎರಡೂ ಪಾದ, ಮಂಡಿ ಜೋಡಿಸ್ಕೊಂಡು, ಪಾದ, ಮೀನಖಂಡ, ತೊಡೆ, ಸೊಂಟದ ಪಕ್ಕ, ಬೆನ್ನಿನ ಪಕ್ಕ ಅನ್ನೋ ಕ್ರಮದಲ್ಲಿ ಉರುಳೋದು, ಪೆಟ್ಟು ಒಂದೇ ಕಡೆ ಬೀಳ್ದೇ ಹಂಚಿ ಹೋಗುತ್ತೆ. ಮಂಡಿ ಎತ್ತರದ ಕಟ್ಟೆಯಿಂದ ಮೂವತ್ತು ಸಲ ಬಿದ್ವಿ. ಕೈ ಊರೋಕೆ ಹೋದಾಗಲೆಲ್ಲಾ ಸರ್ ಮತ್ತೆ ಹತ್ತಿಸಿದ್ರು, ಮಣಿಕಟ್ಟು ಮುರಿಯೋದು ಹಂಗೇ ಅಂತೆ.

ಮಧ್ಯಾಹ್ನ ಮೇಲೆ ಸೀಲಿಂಗಿಂದ ನೇತಾಡೋ ಹಾರ್ನೆಸ್ಸಲ್ಲಿ ತೂಗುಹಾಕಿ ಒಂದೊಂದೇ ಫೋಟೋ ತೋರಿಸ್ತಿದ್ರು. ಪ್ಯಾರಾಚೂಟ್ ಚೌಕವಾಗಿ ತೆರೆದಿದ್ಯಾ, ನೆಟ್ಟಗೆ ಹಾರ್ತಿದ್ಯಾ, ಹೇಳಿದ ಕಡೆ ತಿರುಗುತ್ತಾ, ಈ ಮೂರಕ್ಕೂ ಹೌದು ಅಂದ್ರೆ ಇಟ್ಕೋಬೇಕು, ಇಲ್ಲ ಅಂದ್ರೆ ಕತ್ತರಿಸಿ ಬಿಡ್ಬೇಕು. ಬಲಗಡೆ ಕತ್ತರಿಸೋ ಕೆಂಪು ಹ್ಯಾಂಡಲ್, ಎಡಗಡೆ ರಿಸರ್ವಿನ, ಅಂದ್ರೆ ತುರ್ತಿಗೆ ಅಂತ ಇಟ್ಟಿರೋ ಎರಡನೇ ಪ್ಯಾರಾಚೂಟಿನ, ಬೆಳ್ಳಿ ಹ್ಯಾಂಡಲ್. ಕೆಂಪು ನೋಡು, ಕೆಂಪು ಹಿಡಿ, ಬೆಳ್ಳಿ ನೋಡು, ಕೆಂಪು ಎಳಿ, ಬೆಳ್ಳಿ ಎಳಿ. ತೀರ್ಮಾನ 2,500 ಅಡಿಗೆ ಇಳಿಯೋಕೆ ಮುಂಚೆ ಆಗಿರ್ಬೇಕು, 1,000 ಅಡಿಗಿಂತ ಕೆಳಗೆ ಕತ್ತರಿಸೋ ಹಂಗೇ ಇಲ್ಲ. ರಾತ್ರಿ ನಿದ್ದೇಲೂ ನಾನು ಇದನ್ನೇ ಗೊಣಗ್ತಿದ್ದೆ ಅಂತ ಅಕ್ಕ ಬೆಳಗ್ಗೆ ಹೇಳಿದ್ರು.

ಮೂರನೇ ದಿನ

ಹಾರಲಿಲ್ಲ.

ಆಕಾಶ ತೊಳೆದಿಟ್ಟ ಹಂಗಿತ್ತು, ಬಿಸಿಲು ಚೆನ್ನಾಗಿತ್ತು, ಆದ್ರೆ ಗಾಳಿಚೀಲ ಕಂಬಕ್ಕೆ ಅಡ್ಡವಾಗಿ ನೆಟ್ಟಗೆ ನಿಂತಿತ್ತು. ವಿದ್ಯಾರ್ಥಿಗಳಿಗೆ ಗಾಳಿ ಗಂಟೆಗೆ ಸುಮಾರು 22 ಕಿಲೋಮೀಟರ್ ದಾಟಿದ್ರೆ ನೆಲ ಬಿಡೋ ಹಾಗಿಲ್ಲ. ಬೆಳಗ್ಗೆ ಎಂಟಕ್ಕೇ ದಾಟಿತ್ತು. ನಮ್ಮ ಜೊತೆಗಿದ್ದ ಒಬ್ಬ ಹುಡುಗ, ಅವನಿಗೆ ಇನ್ನೊಂದೇ ದಿನ ರಜೆ ಉಳಿದಿದ್ದು, ಗಂಟೆಗೊಂದ್ಸಲ ಹೋಗಿ "ಸರ್ ಈಗ?" ಅಂತ ಕೇಳ್ತಿದ್ದ, ಸಾಯಂಕಾಲ ಬ್ಯಾಗ್ ಎತ್ಕೊಂಡು ಹೋಗುವಾಗ ಅವನ ಮುಖ ನೋಡೋಕಾಗಲಿಲ್ಲ. ಎರಡು ದಿನಕ್ಕೆ ಅಂತ ಹೋಗ್ಬೇಡಿ, ಎಷ್ಟು ಜಂಪ್ ಬೇಕೋ ಅದರ ಎರಡರಷ್ಟು ದಿನ ಇಟ್ಕೊಂಡು ಹೋಗಿ, ಸಾಧ್ಯ ಆದ್ರೆ ವಾರದ ಮಧ್ಯೆ ಹೋಗಿ, ಸಾಲು ಚಿಕ್ಕದಿರುತ್ತೆ.

ನಾನು ಆ ದಿನ ಪೂರ್ತಿ ಪ್ಯಾಕಿಂಗ್ ಶೆಡ್ಡಲ್ಲಿ ಕೂತಿದ್ದೆ. ಅಲ್ಲೊಬ್ಬ ವಯಸ್ಸಾದ ರಿಗ್ಗರ್ ಇದ್ರು, ಎಲ್ಲರೂ ಅಣ್ಣ ಅಂತಿದ್ರು, ರಿಸರ್ವ್ ಪ್ಯಾರಾಚೂಟ್ ಮಡಚೋ ಅಧಿಕಾರ ಅವರಿಗೆ ಮಾತ್ರ. ಮೊದಲು ಅರ್ಧ ಗಂಟೆ ಮಾತೇ ಆಡಲಿಲ್ಲ. ನಾನು ನೆಲದ ಮೇಲೆ ಬಿದ್ದಿದ್ದ ರಬ್ಬರ್ ಬ್ಯಾಂಡುಗಳನ್ನ ಆಯ್ದು ಡಬ್ಬಿಗೆ ಹಾಕ್ತಿದ್ದೆ, ಅದನ್ನ ನೋಡಿ ಹತ್ತಿರ ಕರೆದ್ರು. ಭುಜದ ಹತ್ತಿರ ಇರೋ ಮೂರು ಉಂಗುರ ತೋರಿಸಿದ್ರು, ದೊಡ್ಡದು, ಮಧ್ಯದ್ದು, ಸಣ್ಣದು, ಒಂದರೊಳಗೊಂದು ತೂರಿಸಿ ಕೊನೇಲಿ ಒಂದು ದಾರದ ಕುಣಿಕೆ. ಇಡೀ ಮನುಷ್ಯನ ಭಾರ ಮೂರು ಉಂಗುರದಲ್ಲಿ ಹಂಚಿ ಹಂಚಿ ಕುಣಿಕೆಗೆ ಬರೋ ಹೊತ್ತಿಗೆ ಚೂರೇ ಚೂರು ಉಳಿಯುತ್ತೆ, ಅದಕ್ಕೇ ಕೆಂಪು ಹ್ಯಾಂಡಲ್ ಯಾರು ಬೇಕಾದ್ರೂ ಎಳೀಬಹುದು. ಬಿಲ್ ಬೂತ್ ಅನ್ನೋರು ಕಂಡುಹಿಡಿದಿದ್ದು. "ಇದನ್ನ ಕಂಡುಹಿಡಿದೋನಿಗೆ ನಾನು ದಿನಾ ಕೈ ಮುಗೀತೀನಿ" ಅಂದ್ರು ಅಣ್ಣ, ಮುಖದಲ್ಲಿ ನಗು ಇರಲಿಲ್ಲ. ಆಮೇಲೆ ರಿಸರ್ವ್ ಹತ್ತಿರ ಇರೋ ಪುಟ್ಟ ಪೆಟ್ಟಿಗೆ, ಎಎಡಿ. ಮನುಷ್ಯ ಪ್ರಜ್ಞೆ ತಪ್ಪಿಯೋ ಗಾಬರಿಯಿಂದಲೋ ಏನೂ ಎಳೀದೇ ಬೀಳ್ತಿದ್ರೆ 750 ಅಡಿ ಹತ್ತಿರ ಅದೇ ರಿಸರ್ವ್ ತೆರೆಯುತ್ತೆ. ಹೆಲ್ಮುಟ್ ಕ್ಲೋತ್ ಅನ್ನೋ ಜರ್ಮನ್ನರು ಸ್ಕೈಡೈವಿಂಗಲ್ಲಿ ಗೆಳೆಯನ್ನ ಕಳ್ಕೊಂಡ ಮೇಲೆ ಇದರ ಹಿಂದೆ ಬಿದ್ದು, 1991ರಲ್ಲಿ ಸೈಪ್ರೆಸ್ ಅಂತ ಹೊರಗೆ ತಂದ್ರು.

ನಂದೇ ರಿಗ್ ಯಾವಾಗ ತಗೋಬಹುದು ಅಣ್ಣ ಅಂತ ಕೇಳಿದ್ದಕ್ಕೆ ಕೈ ಅಲ್ಲಾಡಿಸಿಬಿಟ್ರು. ಈಗ ನಾವು ಹಾರೋದು 280 ಚದರ ಅಡಿಯ ದೊಡ್ಡ ಪ್ಯಾರಾಚೂಟು, ಕಲಿತಾ ಹೋದಂಗೆ ಚಿಕ್ಕದಕ್ಕೆ ಹೋಗ್ತೀವಿ, ಈಗಲೇ ಕೊಂಡ್ರೆ ದುಡ್ಡು ದಂಡ, ಚಿಕ್ಕದನ್ನ ಕೊಂಡ್ರೆ ಜೀವಕ್ಕೇ ಅಪಾಯ. ಲೈಸೆನ್ಸ್ ತನಕ ಬಾಡಿಗೆ. ಆಮೇಲೆ ಸೆಕೆಂಡ್‌ಹ್ಯಾಂಡ್ ತಗೋಬಹುದು, ಆದ್ರೆ ದುಡ್ಡು ಕೊಡೋಕೆ ಮುಂಚೆ ನಮ್ಮ ಕಡೆಯ ರಿಗ್ಗರ್ ಬಿಚ್ಚಿ ನೋಡಿರ್ಬೇಕು, ಎಎಡಿ ತಯಾರಾದ ತಾರೀಕು ನೋಡ್ಬೇಕು, ಅದಕ್ಕೊಂದು ಆಯಸ್ಸಿದೆ. "ಜಂಪ್‌ಸೂಟಲ್ಲಿ ಉಳಿಸು, ವಿಡಿಯೋದಲ್ಲಿ ಉಳಿಸು. ರಿಸರ್ವಲ್ಲಿ, ಕಲಿಯೋದ್ರಲ್ಲಿ ಉಳಿಸ್ಬೇಡ" ಅಂದ್ರು. ಗಾಳಿ ನಿಂತಿದ್ರೆ ಈ ಮಾತು ನನ್ನ ಕಿವಿಗೆ ಬೀಳ್ತಿರಲಿಲ್ಲ.

ನಾಲ್ಕನೇ ದಿನ

ಐದೂವರೆಗೆ ಅಕ್ಕ ಎಬ್ಬಿಸಿದ್ರು. ಹೊರಗೆ ಬಂದ್ರೆ ಗಾಳಿಚೀಲ ಕಂಬಕ್ಕೆ ಅಂಟ್ಕೊಂಡು ಜೋತಾಡ್ತಿತ್ತು. ಹೊಟ್ಟೆ ಖಾಲಿ ಇಟ್ಕೊಂಡು ಹೋಗ್ಬೇಡಿ ಅಂದಿದ್ರು, ತಲೆ ಸುತ್ತುತ್ತಂತೆ, ಆದ್ರೂ ಎರಡು ತುತ್ತು ಇಳಿಯೋ ಹೊತ್ತಿಗೆ ಸಾಕಾಯ್ತು.

ವಿಮಾನ ಸೆಸ್ನಾ 182, ಪೈಲಟ್ ಸೀಟೊಂದು ಬಿಟ್ಟು ಒಳಗೆ ಸೀಟೇ ಇಲ್ಲ, ನೆಲದ ಮೇಲೆ ಒಬ್ಬರ ಕಾಲ ಮಧ್ಯೆ ಒಬ್ಬರು ಕೂರೋದು. ಮೂರೂವರೆ ಸಾವಿರ ಅಡಿಗೆ ಏರೋಕೆ ಹತ್ತು ನಿಮಿಷದ ಹತ್ತಿರ. ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿ ತಣ್ಣಗಾಗ್ತಾ ಹೋಗುತ್ತೆ, ಆದ್ರೂ ನನ್ನ ಅಂಗೈ ಬೆವರ್ತಿತ್ತು. ಸರ್ ನನ್ನ ಸ್ಟ್ಯಾಟಿಕ್ ಲೈನ್ ಹುಕ್ ಹಾಕಿ, ನನ್ನ ಕೈಯಿಂದಾನೇ ಅದನ್ನ ಎಳೆಸಿ ನೋಡಿಸಿದ್ರು. ಬಾಗಿಲು ಮೇಲಕ್ಕೆ ತೆರ್ಕೊಂಡಾಗ ಬಂದ ಆ ಸದ್ದು! ಗಾಳಿ ಅಂದ್ರೆ ಗಟ್ಟಿ ವಸ್ತು ಅಂತ ಅವತ್ತೇ ಗೊತ್ತಾಗಿದ್ದು. ಕಾಲು ಮೆಟ್ಟಿಲ ಮೇಲೆ ಇಟ್ಟು, ರೆಕ್ಕೆ ಕೆಳಗಿನ ಓರೆ ಕಂಬ ಹಿಡಿದು, ಕೈ ಜರುಗಿಸ್ತಾ ಜರುಗಿಸ್ತಾ ಹೊರಗೆ ಹೋಗಿ ನೇತಾಡ್ಬೇಕು. ನೇತಾಡ್ತಾ ಸರ್ ಮುಖ ನೋಡಿದೆ. ಅವರು ತಲೆ ಆಡಿಸಿದ್ರು. ಬಿಟ್ಟೆ.

ಸಾವಿರದೊಂದು, ಸಾವಿರದೆರಡು ಅಂತ ಐದರ ತನಕ ಜೋರಾಗಿ ಎಣಿಸ್ಬೇಕು, ಅಷ್ಟರಲ್ಲಿ ತೆರೆದಿರ್ಬೇಕು. ಎರಡು ಎಣಿಸಿದ್ದು ನೆನಪಿದೆ, ಮೂರು ನಾಲ್ಕು ನೆನಪಿಲ್ಲ. ಭುಜ ಹಿಡಿದು ಯಾರೋ ಮೇಲಕ್ಕೆ ಎತ್ತಿದ ಹಂಗಾಯ್ತು. ತಲೆ ಎತ್ತಿ ನೋಡ್ತೀನಿ, ಪ್ಯಾರಾಚೂಟ್ ಚೌಕವಾಗೇ ಇದೆ, ಆದ್ರೆ ದಾರಗಳೆಲ್ಲಾ ಹುರಿ ಸುತ್ಕೊಂಡಿವೆ, ನನ್ನ ತಲೇನ ಪೂರ್ತಿ ಎತ್ತೋಕೂ ಆಗ್ತಿಲ್ಲ. ಜೀವ ಬಾಯಿಗೆ ಬಂತು. ಆಮೇಲೆ ಹಾರ್ನೆಸ್ಸಲ್ಲಿ ನೇತಾಕಿ ತೋರಿಸಿದ ಅದೇ ಫೋಟೋ ಕಣ್ಣ ಮುಂದೆ ಬಂತು, ಲೈನ್ ಟ್ವಿಸ್ಟ್. ಎರಡೂ ರೈಸರ್ (ಭುಜದಿಂದ ದಾರಗಳಿಗೆ ಹೋಗೋ ಪಟ್ಟಿ) ಹಿಡಿದು ಅಗಲಿಸಿ, ಉಯ್ಯಾಲೆಗೆ ಕೊಟ್ಟ ಹುರಿ ಬಿಚ್ಚೋ ಥರ ಕಾಲು ಝಾಡಿಸಿದೆ, ಒಂದು ಸುತ್ತು, ಎರಡು ಸುತ್ತು, ಮೂರಕ್ಕೆ ಬಿಚ್ಕೊಂಡಿತು. ಎತ್ತರ ತೋರಿಸೋ ಆಲ್ಟಿಮೀಟರ್ ನೋಡಿದೆ, ಮೂರು ಸಾವಿರದ ಹತ್ತಿರ. ಅದೆಲ್ಲಾ ಆಗಿದ್ದು ಕೆಲವೇ ಸೆಕೆಂಡಲ್ಲಿ.

ಆಮೇಲೆ ನಿಶ್ಶಬ್ದ. ಇಷ್ಟು ಎತ್ತರದಲ್ಲಿ ಒಬ್ಬಳೇ ಕೂತಿದ್ದೀನಿ, ಕೆಳಗೆ ಎಲ್ಲೋ ನಾಯಿ ಬೊಗಳಿದ್ದು ಕೇಳಿಸ್ತು. ನಂಗೆ ಅಳು ಬಂತು, ಯಾಕೆ ಅಂತ ಈಗಲೂ ಹೇಳೋಕೆ ಬರಲ್ಲ. ಅಷ್ಟೊತ್ತಿಗೆ ರೇಡಿಯೋದಲ್ಲಿ "ಎಡಕ್ಕೆ ತಿರುಗಮ್ಮ, ಚೆನ್ನಾಗಿದೆ" ಅಂತ ದನಿ ಬಂತು. ಸಾವಿರ ಅಡೀಲಿ ಗಾಳಿ ಜೊತೆ, ಆರುನೂರಲ್ಲಿ ಅಡ್ಡ, ಮುನ್ನೂರಲ್ಲಿ ಗಾಳಿಗೆ ಎದುರು ಮುಖ, ನೆಲ ಹನ್ನೆರಡು ಅಡಿ ದೂರ ಇದೆ ಅನ್ನುವಾಗ ಎರಡೂ ಟಾಗಲ್ (ಪ್ಯಾರಾಚೂಟ್ ತಿರುಗಿಸೋ, ನಿಧಾನ ಮಾಡೋ ಹಿಡಿ) ಪೂರ್ತಿ ಕೆಳಕ್ಕೆ. ನಾನು ಸ್ವಲ್ಪ ಬೇಗ ಎಳೆದೆ, ಉರುಳಿದೆ, ಏನೂ ಆಗಲಿಲ್ಲ.

ಸಂಜೆ ಗಾಳಿ ಮತ್ತೆ ಇಳಿದಾಗ ಎರಡನೇದು. ಈ ಸಲ ಐದೂ ಎಣಿಸಿದೆ.

ಐದನೇ ದಿನ

ಮೂರನೇ ಜಂಪಿಗೆ ಹೊಸ ಕೆಲಸ. ಮುಂದೆ ಸ್ವಂತ ಎಳೀಬೇಕಾದ ಹ್ಯಾಂಡಲ್ ಜಾಗದಲ್ಲಿ ಒಂದು ಡಮ್ಮಿ ಹ್ಯಾಂಡಲ್ ಸಿಗಿಸಿರ್ತಾರೆ, ಲೈನ್ ತಾನೇ ಪ್ಯಾರಾಚೂಟ್ ತೆರೆಯೋ ಆ ಮೂರ್ನಾಲ್ಕು ಸೆಕೆಂಡಲ್ಲಿ ನಾವು ಆರ್ಚ್ ಬಿಡ್ದೇ ಅದನ್ನ ಎಳೆದು ತೋರಿಸ್ಬೇಕು. ಐದು ಸ್ಟ್ಯಾಟಿಕ್ ಲೈನ್ ಜಂಪ್ ಆಗಿ, ಅದರಲ್ಲಿ ಕೊನೇ ಮೂರರಲ್ಲಿ ಇದು ಸರಿಯಾಗಿ ಬಂದ್ರೇನೇ ಸ್ವಂತ ಫ್ರೀಫಾಲಿಗೆ ಬಿಡೋದು. ಎಳೆದೆ, ಸರಿಯಾಗೇ ಬಂತು, ಆ ಖುಷೀಲಿ ರೇಡಿಯೋದಲ್ಲಿ ಬರೀ ಗೊರಗೊರ ಸದ್ದು ಬರ್ತಿರೋದನ್ನ ತಡವಾಗಿ ಗಮನಿಸಿದೆ.

ಮೇಲೆ ಗಾಳಿ ಜೋರಿತ್ತು. ನಾನು ಅದರ ಜೊತೇಲೇ ಹೋಗಿ ಹೋಗಿ ಮೈದಾನ ದಾಟಿಬಿಟ್ಟಿದ್ದೆ. ಎರಡು ಸಾವಿರ ಅಡೀಲಿ ಒಂದ್ಸಲ ನೋಡಿ ತೀರ್ಮಾನ ಮಾಡು, ವಾಪಸ್ ಮುಟ್ಟೋಕಾಗಲ್ಲ ಅನ್ನಿಸಿದ್ರೆ ಆಸೆ ಬಿಟ್ಟು ಖಾಲಿ ಜಾಗ ಹುಡುಕು ಅಂದಿದ್ರು ಸರ್. ಮುಟ್ಟೋಕಾಗ್ತಿರಲಿಲ್ಲ. ಕರೆಂಟ್ ಕಂಬ ಇಲ್ದಿರೋ, ಮರ ಇಲ್ದಿರೋ ಒಂದು ಉತ್ತ ಹೊಲ ಆರಿಸ್ಕೊಂಡೆ. ಕೊನೇಲಿ ಗಾಳಿಗೆ ಪೂರ್ತಿ ಎದುರಾಗಿಲ್ಲ ಅಂತ ಗೊತ್ತಾಯ್ತು, ಕೈ ತಿರುಗಿಸೋಕೆ ಹೋಯ್ತು, ತಡೆದೆ. ನೆಲದ ಹತ್ತಿರ ತಿರುಗಿದ್ರೆ ಪ್ಯಾರಾಚೂಟ್ ಓರೆಯಾಗಿ ಡೈವ್ ಹೊಡೆಯುತ್ತೆ, ಚೆನ್ನಾಗಿ ತೆರೆದ ಪ್ಯಾರಾಚೂಟ್ ಕೆಳಗೇ ಜನ ಸತ್ತಿದ್ದಾರೆ. ಅಡ್ಡಗಾಳೀಲೇ ಇಳಿದೆ, ಮಂಡಿ ಜೋಡಿಸಿ ಉರುಳಿದೆ. ತೊಡೆ ಮೇಲಿನ ನೀಲಿ ಕಲೆ ಅಲ್ಲಿಯದು. ಕಟ್ಟೆಯಿಂದ ಮೂವತ್ತು ಸಲ ಬೀಳ್ಸಿದ್ದಕ್ಕೆ ಸರ್‌ಗೆ ಮನಸ್ಸಲ್ಲೇ ನಮಸ್ಕಾರ ಹಾಕಿದೆ.

ಪ್ಯಾರಾಚೂಟ್ ಗಾಳಿ ತುಂಬ್ಕೊಂಡು ಎಳೀತಿತ್ತು, ಒಂದು ಟಾಗಲ್ ಹಿಡಿದು ಜಗ್ಗಿ ಜಗ್ಗಿ ಸೋಲಿಸಿ ಎದ್ದು ನಿಂತ್ರೆ ಬದುವಿನ ಮೇಲೆ ಒಬ್ಬರು ಅಜ್ಜ.

"ಪೆಟ್ಟಾಯ್ತಾ ಮಗಳೇ?"

"ಇಲ್ಲ ಅಜ್ಜ. ನಿಮ್ಮ ಹೊಲಕ್ಕೆ ಬಿದ್ಬಿಟ್ಟೆ, ತಪ್ಪಾಯ್ತು."

"ಬಿತ್ತನೆ ಇನ್ನೂ ಆಗಿಲ್ಲ ಬಿಡು. ಆ ಪಕ್ಕದ್ದರಲ್ಲಿ ಬೆಳೆ ಐತೆ, ಅದರೊಳಗೆ ಕಾಲಿಡ್ಬೇಡ, ಬದುವಿನ ಮೇಲೇ ಹೋಗು."

ನಾನು ಪ್ಯಾರಾಚೂಟ್ ತೋಳಲ್ಲಿ ತುಂಬ್ಕೊಳೋಕೆ ಒದ್ದಾಡ್ತಿದ್ದೆ, ಅವರು ಬಂದು ದಾರಗಳನ್ನ ಎತ್ತಿ ಹೆಗಲಿಗೆ ಹಾಕಿದ್ರು. ಜೊತೇಲೇ ನಡೀತಾ ಹೇಳಿದ್ರು, ಎಷ್ಟೋ ವರ್ಷದಿಂದ ನೋಡ್ತಿದ್ದಾರಂತೆ, ಔಷಧಿ ಹೊಡೆಯೋ ದಿನ ನಮ್ಮೋರು ಯಾವ ಕಡೆ ಮುಖ ಮಾಡಿ ಇಳೀತಾರೆ ಅಂತ ನೋಡಿಯೇ ಗಾಳಿ ದಿಕ್ಕು ಲೆಕ್ಕ ಹಾಕೋದಂತೆ. "ಇವತ್ತು ನೀನು ಅಡ್ಡ ಇಳಿದೆ" ಅಂದ್ರು. ಸರ್ ಹೇಳೋಕೆ ಮುಂಚೆ ಅವರೇ ಹೇಳಿದ್ರು ನನ್ನ ತಪ್ಪನ್ನ.

ಮಧ್ಯಾಹ್ನ ಅಣ್ಣನ ಹತ್ತಿರ ಮುಖ್ಯ ಪ್ಯಾರಾಚೂಟ್ ಮಡಚೋದು ಕಲಿತೆ. ಅವರು ಹದಿನೈದು ನಿಮಿಷದಲ್ಲಿ ಮುಗಿಸೋದಕ್ಕೆ ನಂಗೆ ಒಂದೂವರೆ ಗಂಟೆ. ಒಳಗಿನ ಗಾಳಿ ಹೊರಗೆ ಹಾಕೋಕೆ ಅದರ ಮೇಲೆ ಮಲಗ್ಬೇಕು, ಅದು ಈ ಕಡೆ ಒತ್ತಿದ್ರೆ ಆ ಕಡೆ ಉಬ್ಬುತ್ತೆ. ಆದ್ರೆ ಇದನ್ನ ಕಲಿತ್ರೆ ಮುಂದೆ ಪ್ರತಿ ಜಂಪಿಗೂ ಪ್ಯಾಕಿಂಗ್ ಖರ್ಚು ಉಳಿಯುತ್ತೆ, ಬೇರೆಯೋರದ್ದು ಮಡಚಿ ಕೊಟ್ಟು ಜಂಪಿನ ದುಡ್ಡು ದುಡಿಯೋ ಹುಡುಗರೂ ಅಲ್ಲಿದ್ರು. ಅದಕ್ಕಿಂತ ಮುಖ್ಯ, ನಿನ್ನೆ ನನ್ನ ದಾರ ಯಾಕೆ ಹುರಿ ಸುತ್ತಿರ್ಬಹುದು ಅನ್ನೋದು ಈಗ ಕೈಗೆ ಅರ್ಥ ಆಯ್ತು, ವಿಮಾನ ಬಿಡುವಾಗ ಮೈ ಒಂಚೂರು ಓರೆಯಾದ್ರೂ ಸಾಕು, ದಾರ ನೆಟ್ಟಗೆ ಬಿಚ್ಕೊಳಲ್ಲ.

ಆರನೇ ದಿನ

ಬೆಳಗ್ಗೆ ಗಾಳಿ ಇಲ್ಲ. ನಾಲ್ಕು, ಐದು, ಎರಡೂ ಆಯ್ತು. ಐದನೇದರಲ್ಲಿ ರೇಡಿಯೋ ಕೆಲಸ ಮಾಡ್ತಿತ್ತು, ಆದ್ರೂ ಸರ್ ಬೇಕಂತಲೇ ಒಂದು ಮಾತೂ ಆಡಲಿಲ್ಲ, ನಾನೇ ಸಾವಿರ, ಆರುನೂರು, ಮುನ್ನೂರು ನೋಡ್ಕೊಂಡು ಬಂದು ಮೈದಾನದ ಮಧ್ಯೆ ಎರಡು ಕಾಲ ಮೇಲೆ ನಿಂತೆ. ಮೊದಲ ಸಲ ನಿಂತಿದ್ದು.

ಸರ್ ಲಾಗ್‌ಬುಕ್ಕಲ್ಲಿ ಬರೆದ್ರು, "ಡಮ್ಮಿ ಎಳೆತ ಮೂರೂ ಸರಿ. ಎಕ್ಸಿಟ್ ನೆಟ್ಟಗಿದೆ. ಮುಂದಿನದು ಸ್ವಂತ ಎಳೆತ." ಎ ಲೈಸೆನ್ಸಿಗೆ, ಅಂದ್ರೆ ಮೊದಲ ಲೈಸೆನ್ಸಿಗೆ, ಕಡಿಮೆ ಅಂದ್ರೂ 25 ಜಂಪ್ ಬೇಕು, ನನ್ನದು ಐದಾಯ್ತು, ಇನ್ನು ಇಪ್ಪತ್ತು. ಒಂದು ತಿಂಗಳೊಳಗೆ ವಾಪಸ್ ಬಾ, ಇಲ್ಲಾಂದ್ರೆ ರಿಫ್ರೆಶರ್ ಮಾಡಿಸ್ಬೇಕಾಗುತ್ತೆ ಅಂದ್ರು. ಕೈಯಲ್ಲಿ ಉಳಿದಿದ್ದ ದುಡ್ಡು ಎಣಿಸಿದೆ, ಒಂದು ಜಂಪಿಗೆ ಸಾಕಾಗೋಷ್ಟಿತ್ತು. ಖರ್ಚು ಮಾಡಲಿಲ್ಲ, ಮುಂದಿನ ಸಲದ ಗಂಟಿಗೆ ಸೇರಿಸಿಟ್ಟೆ.

ಅಕ್ಕ ಇನ್ನೂ ಎರಡು ದಿನ ಇರ್ತಾರೆ. ಅವರು ನನಗಿಂತ ಒಂದು ಹಂತ ಮುಂದೆ ಹೋಗಿದ್ರು, ಅವತ್ತು ಅವರದ್ದು ಮೊದಲ ಸ್ವಂತ ಎಳೆತ. ನಾನು ಹೊರಡೋ ಗಾಡಿ ಬಂದಾಗ ಅವರು ರಿಗ್ ಹಾಕ್ಕೊಂಡು ಸಾಲಲ್ಲಿ ನಿಂತಿದ್ರು, ಮಾತಾಡೋ ಸ್ಥಿತೀಲಿ ಇರಲಿಲ್ಲ, ಕೈ ಹಿಡಿದು ಬಿಟ್ರು ಅಷ್ಟೇ. ಮಣ್ಣಿನ ರಸ್ತೆ ಮುಗಿಯೋ ಹತ್ತಿರ ಸೆಸ್ನಾ ಸದ್ದು ತಲೆ ಮೇಲೆ ಬಂತು, ಆಮೇಲೆ ಸದ್ದು ಇಳೀತು, ಅಂದ್ರೆ ಬಾಗಿಲು ತೆರೆದಿದ್ದಾರೆ. ಡ್ರೈವರ್‌ಗೆ ಒಂದು ನಿಮಿಷ ನಿಲ್ಲಿಸಿ ಅಣ್ಣ ಅಂದೆ. ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಒಂದು ಕಪ್ಪು ಚುಕ್ಕಿ ವಿಮಾನದಿಂದ ಬೇರೆಯಾಯ್ತು.

ಸಾವಿರದೊಂದು, ಸಾವಿರದೆರಡು, ಸಾವಿರದಮೂರು ಅಂತ ನಾನೂ ಡ್ರೈವರೂ ಇಬ್ಬರೂ ಜೋರಾಗಿ ಎಣಿಸ್ತಿದ್ವಿ. ನಾಲ್ಕಕ್ಕೇ ತೆರೀತು.